ಸನ್ಯಾಸಿಗಳ ಔಷಧ

ಹೊಗೆ, ಮತ್ತೆ ಅದೇ ಹೊಗೆ, ಸೀಸೆಯ ಮುಚ್ಚಳ ತಿರುವಿದಳೋ ಇಲ್ಲವೋ ಮೂಗಿಗೇ ಬಂದು ಬಡಿಯಿತು, ಹೋಮ ಮುಗಿದು ಕುಂಡಕ್ಕೆ ನೀರು ಚಿಮುಕಿಸಿದರೆ ಏಳುತ್ತದಲ್ಲ ಅಂಥ ಹಸಿ ಹೊಗೆ, ಅದರಡಿಗೆ ದವಾಖಾನೆಯ ಟಿಂಚರಿನ ವಾಸನೆ, ಥೂ, ಇದಕ್ಕಾ ಇಷ್ಟು ಕುಣಿಯುವುದು ಈ ಗಂಡಸರು, ಎಂದುಕೊಂಡಳು ನಲಿನಿ, ಎಂದುಕೊಂಡರೂ ಕೈ ಮಾತ್ರ ತಪ್ಪಲಿಲ್ಲ, ಅಳತೆಯ ಬಟ್ಟಲಿನ ಗೆರೆಗೆ ಸರಿಯಾಗಿ ವಿಸ್ಕಿ ಬಂದು ನಿಂತಿತು, ಹನ್ನೊಂದು ವರ್ಷ ಮಾಡಿದ ಕೈ ಇದು, ಒಂದು ತೊಟ್ಟೂ ಬಾಯಿಗೆ ಹಾಕಿಕೊಳ್ಳದೆ ಬರೀ ಮೂಗಿನ ಮೇಲೆ ಮಾಡಿದ ಕೈ — ನಡುಮನೆಯಲ್ಲಿ ಫ್ಯಾನು ಕಟಕಟ ಅನ್ನುತ್ತಿದೆ, ಇತವಾರದ ರಜೆ, ಹನ್ನೊಂದೂವರೆ ಗಂಟೆ, ನಾರಾಯಣಗೂಡದ ಓಣಿಯ ಅಷ್ಟೂ ಕುಕ್ಕರುಗಳು ಸೀಟಿ ಹೊಡೆಯುವ ಹೊತ್ತು, ಗಂಡ ಪ್ರಾಣೇಶ ತನ್ನ ಸಾಹೇಬರ ಎದುರು ಕೂತು ನಗುತ್ತಿದ್ದಾನೆ, ಆ ನಗೆ ಮನೆಯವರಿಗಲ್ಲ, ಬಾಲಾನಗರದ ಕಾರ್ಖಾನೆಯಲ್ಲಿ ಮೇಲಿನವರಿಗೆ ಅಂತ ಬೇರೆ ತೆಗೆದಿಟ್ಟ ನಗೆ, ನಲಿನೀ, ಆತೇನು, ಸಾಹೇಬರು ಕಾಯಲಿಕತ್ತಾರ, ಅಂತ ಅಲ್ಲಿಂದಲೇ ಕೂಗಿದ, ಆತ್ರೀ, ತರ್ತೀನಿ, ಅಂದಳು ಇವಳು, ದನಿ ಎಷ್ಟು ಮೆತ್ತಗಿದೆಯಲ್ಲ ಎಂದು ತನಗೇ ಆಶ್ಚರ್ಯವಾಯಿತು, ಸೊಂಟದಲ್ಲಿ ಸೀರೆಯ ನೆರಿಗೆಯೊಳಗೆ ಆ ಕಾಗದ ಚುಚ್ಚುತ್ತಿತ್ತು, ಉಸಿರು ಎಳೆದಾಗಲೆಲ್ಲ ಚುಚ್ಚುತ್ತಿತ್ತು. ತಾಳು, ತಾಳು ಪ್ರಾಣೇಶರಾಯಾ, ಇವತ್ತು ನಿನ್ನ ಪಾಳಿ.

ಕಾಗದ ಸಿಕ್ಕಿದ್ದು ಬೆಳಿಗ್ಗೆ, ಸಿಕ್ಕಿದ್ದೇನು ಬಂತು, ಅವನೇ ಕೀಲಿಕೈ ಕೊಟ್ಟು ಕಳಿಸಿದ್ದು, ಹಸಿರು ಸೀಸೆ ಮುಗದದ, ಆ ಕಟ್ಟಿಗೆ ಪೆಟ್ಟಿಗ್ಯಾಗಿಂದು ತಗೀ, ಸುಬ್ಬರಾಯರಂಥವರಿಗೆ ಇಲ್ಲದ್ದು ಇನ್ಯಾರಿಗೆ, ಅಂದಿದ್ದ, ಯಾಕೆಂದರೆ ಮುಂದಿನ ತಿಂಗಳು ಮತ್ತೊಮ್ಮೆ ಸ್ಕಾಟ್ಲೆಂಡಿಗೆ ಯಾರು ಹೋಗಬೇಕು ಎಂಬುದು ಸುಬ್ಬರಾಯರ ಕೈಯಲ್ಲಿದೆ, ಅದಕ್ಕೇ ಈ ಊಟ, ಈ ಉಪಚಾರ. ಮೊದಲ ಸಲ ತರಬೇತಿಗೆ ಹೋಗಿ ಬಂದಾಗ ತಂದದ್ದು ಆ ಪೆಟ್ಟಿಗೆ, ದೇವರ ಪೆಟ್ಟಿಗೆಯ ಹಾಗೆ ಅಟ್ಟದ ಮೇಲೆ ಇಟ್ಟು ಕೀಲಿ ಹಾಕಿದ್ದ, ಆಮೇಲೆ ಹೋಗಿಬಂದವರಿಂದ ಎಷ್ಟೋ ಸೀಸೆ ತರಿಸಿಕೊಂಡ, ಅದನ್ನು ಮಾತ್ರ ಮುಟ್ಟಿರಲಿಲ್ಲ — ಮುಚ್ಚಳ ಸರಿಸಿದಳು, ಒಣಹುಲ್ಲಿನ ಮೆತ್ತೆಯಿಂದ ಸೀಸೆ ಎತ್ತಿದಳು, ಹುಲ್ಲಿನಡಿಗೆ ಖಾಕಿ ಲಕೋಟೆ, ಮೇಲೆ ತನ್ನದೇ ಹೆಸರು, ಪ್ರಾಣೇಶನ ಕಾರ್ಖಾನೆಯ ವಿಳಾಸ, ಚಾಕುವಿನಿಂದ ಎಷ್ಟು ನೀಟಾಗಿ ಕೊಯ್ದು ತೆಗೆದಿದ್ದ, ಒಳಗೆ ಒಂದೇ ಹಾಳೆ, ಹೆಣ್ಣುಮಕ್ಕಳ ಸರ್ಕಾರಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತಮ್ಮನ್ನು ಡೆಮಾನ್ಸ್‌ಟ್ರೇಟರ್ ಆಗಿ ಆಯ್ಕೆ ಮಾಡಲಾಗಿದೆ, ಹದಿನೈದು ದಿನದೊಳಗೆ ಹಾಜರಾಗತಕ್ಕದ್ದು, ಜುಲೈ ಸಾವಿರದ ಒಂಬೈನೂರ ಎಪ್ಪತ್ತೆರಡು — ಇದು ಎಂಬತ್ತಮೂರು. ಆಕೆ ಅಟ್ಟದ ಏಣಿಯ ಮೇಲೇ ಕೂತುಬಿಟ್ಟಿದ್ದಳು, ಮೊದಲು ಬಂದದ್ದು ಒಂದೇ ವಿಚಾರ, ಹರಿದು ಹಾಕಬಹುದಿತ್ತಲ್ಲ ಈ ಮನುಷ್ಯ, ಯಾಕೆ ಹರಿಯಲಿಲ್ಲ — ಆಮೇಲೆ ನಗು ಬಂತು, ಎಲ್ಲಿ ಹರಿದಾನು, ಈ ಮನೆಯಲ್ಲಿ ಮೂರು ತಲೆಮಾರಿನಿಂದ ಸರ್ಕಾರಿ ಮೊಹರಿನ ಕಾಗದ ಯಾರೂ ಹರಿದಿಲ್ಲ, ನಿಜಾಮನ ಕಾಲದಿಂದ ಉಂಡದ್ದು ಸರ್ಕಾರದ ಅನ್ನ, ಮೊಹರಿದ್ದ ಕಾಗದ ಹರಿಯಬಾರದು ಸುಡಬಾರದು ಎಂಬುದು ಏಕಾದಶಿ ಉಪವಾಸದಷ್ಟೇ ಗಟ್ಟಿ ನೇಮ, ಉರ್ದು ಓದಲು ಬರುವವರು ಯಾರೂ ಉಳಿದಿಲ್ಲ, ಆದರೂ ಒಂದು ಟ್ರಂಕಿನ ತುಂಬ ಉರ್ದು ರಸೀದಿಗಳು ಇವತ್ತಿಗೂ ಇವೆ. ಹೆಂಡತಿಯ ಬಾಳನ್ನು ಹರಿದು ಒಗೆಯಬಹುದು, ಮೊಹರಿಗೆ ಮಾತ್ರ ಧಕ್ಕೆ ಆಗಬಾರದು. ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ, ತಾನೇ ಬಚ್ಚಿಟ್ಟು ತಾನೇ ಮರೆತಿದ್ದಾನೆ, ನೆನಪಿದ್ದರೆ ಕೀಲಿಕೈ ಕೊಡುತ್ತಿದ್ದನೇ, ಅವಳು ಹನ್ನೊಂದು ವರ್ಷ ದಿನಾ ನೆನೆಸಿಕೊಂಡು ಕೊರಗಿದ್ದು ಅವನಿಗೆ ನೆನಪೂ ಇಲ್ಲ.

ಈಗ ಹಸಿರು ಸೀಸೆಯದು, ಅರ್ಧ ಅಳತೆ, ಬೆಳಕಿಗೆ ಹಿಡಿದರೆ ಎಳೆ ಹುಲ್ಲಿನ ಬಣ್ಣ — ಆ ಜುಲೈಯಲ್ಲಿ ದಿನಾ ಸಂಜೆ ಕಾರ್ಖಾನೆಯ ಬಸ್ಸು ಬರುವ ಹೊತ್ತಿಗೆ ಗೇಟಿನಲ್ಲಿ ನಿಲ್ಲುತ್ತಿದ್ದಳು, ಓಣಿಯ ಟಪಾಲು ಕಳೀತದ, ನನ್ನ ಆಫೀಸಿನ ವಿಳಾಸ ಬರಿ, ಅಂತ ಅರ್ಜಿ ತುಂಬುವಾಗ ಅವನೇ ಹೇಳಿದ್ದು, ಎಂಥ ಕಾಳಜಿ ಅಂದುಕೊಂಡಿದ್ದಳು, ಬಸ್ಸಿಳಿದು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದ, ಬಂದಿಲ್ಲ, ಬಂದಿಲ್ಲ, ಮರುದಿನ ಮತ್ತೆ ಬಂದಿಲ್ಲ, ಒಂದು ದಿನ ಅಬಿಡ್ಸಿನಿಂದ ಜಿಲೇಬಿ ಕಟ್ಟಿಸಿಕೊಂಡು ಬಂದ, ಅಲ್ಲೇ ಹಳೇ ಪುಸ್ತಕದ ಅಂಗಡಿಯಲ್ಲಿ ಹೂಗಿಡಗಳ ಚಿತ್ರದ ಪುಸ್ತಕವನ್ನೂ ತಂದ, ಬೇಜಾರು ಮಾಡ್ಕೋಬ್ಯಾಡ, ಮನ್ಯಾಗ ಕೂತು ಓದು, ನಿನ್ನ ವಿದ್ಯಾ ಎಲ್ಲಿಗೂ ಹೋಗೂದಿಲ್ಲ, ಅಂದ, ಪಾಪ ಎಷ್ಟು ಒಳ್ಳೆಯವರು ಅಂತ ಕಣ್ಣೀರು ಹಾಕಿ ಜಿಲೇಬಿ ತಿಂದಿದ್ದಳು, ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ, ತಿಂದಿದ್ದಳು! ಆ ಹೊತ್ತಿಗೆ ಕಾಗದ ಅವನ ಚೀಲದಲ್ಲಿತ್ತೋ, ಅಟ್ಟದ ಮೇಲೆ ಹುಲ್ಲಿನಡಿಗೆ ಮಲಗಿತ್ತೋ. ಆ ಕಾಲೇಜಿನ ಗಂಟೆ ಈ ಮನೆಗೆ ಕೇಳುತ್ತದೆ, ಮೊದಲ ಗಂಟೆ, ಊಟದ ಗಂಟೆ, ಬಿಟ್ಟ ಗಂಟೆ, ಹನ್ನೊಂದು ವರ್ಷ ಅದನ್ನು ಕೇಳುತ್ತ ಪಲ್ಯ ಹೆಚ್ಚಿದಳು, ಪ್ರತಿ ಗಂಟೆಗೂ ಒಂದೇ ಮಾತು, ನಾ ಪಾಸಾಗಲಿಲ್ಲ, ನಾ ಸಾಲಲಿಲ್ಲ, ನನ್ನ ಕೈಲಿ ಆಗಲಿಲ್ಲ.

ಜೇನುಬಣ್ಣದ ಸೀಸೆ, ಕಾಲು ಅಳತೆ, ಇದೂ ಬೇರುನಾರಿನದೇ, ಸಿಹಿ ಹೆಚ್ಚು, ಕೊನೆಗೆ ಕಹಿ ಎರಡು ಹನಿ — ಎಲ್ಲ ಮಂಜುಗಡ್ಡೆ ತುಂಬಿದ ಜಗ್ಗಿಗೆ ಬಿತ್ತು, ಗಿಡಗಳೆಲ್ಲ ಒಮ್ಮೆಲೇ ಎದ್ದು ಬಂದವು, ಮಾಚಿಪತ್ರೆ, ಸೋಂಪು, ಪುದೀನ, ಬಜೆ, ಲವಂಗ, ಮೊದಲ ದಿನವೇ ಮೂಸಿ ನೋಡಿ ಒಂಬತ್ತು ಹೆಸರು ಹೇಳಿದ್ದಳು, ಅವನು ಕಣ್ಣರಳಿಸಿ ಡೈರಿಯಲ್ಲಿ ಬರೆದುಕೊಂಡಿದ್ದ, ಮುಂದಿನ ಇತವಾರ ಬಂದವರ ಮುಂದೆ ಕಣ್ಣುಮುಚ್ಚಿ ಮೂಸಿ ಅದೇ ಒಂಬತ್ತು ಹೆಸರು ತಾನೇ ಕಂಡುಹಿಡಿದ ಹಾಗೆ ಹೇಳಿದ್ದ, ವಾಹ್ ವಾಹ್ ಅಂದಿದ್ದರು ಎಲ್ಲರೂ, ಇವಳು ಬಾಗಿಲ ಮರೆಯಲ್ಲಿ ಚೂಡಾದ ತಟ್ಟೆ ಹಿಡಿದು ನಿಂತಿದ್ದಳು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲ ಅಂತ ತಿಳಿದುಕೊಂಡಿರುತ್ತದೆ. ಅತ್ತೆಗೆ ಹೇಳಿದ ಸುಳ್ಳು ಕೂಡ ಹಾಗೇ ನಡೆದುಬಂದಿದೆ, ಅತ್ತೆ ಸುಂದರಾಬಾಯಿ, ಮಡಿ ಹೆಂಗಸು, ಉಳ್ಳಾಗಡ್ಡಿ ಹೆಚ್ಚಿದ ಚಾಕು ಸೋಕಿದರೆ ಮತ್ತೆ ಸ್ನಾನ ಮಾಡುವವರು, ಏನೋ ಪ್ರಾಣ್ಯಾ ಇದು ವಾಸನಿ, ಅಂತ ಮೊದಲ ದಿನ ಕೇಳಿದ್ದಕ್ಕೆ, ಅವ್ವಾ, ಔಷಧ ಅದು, ನನ್ನ ಎದಿ ಕಫಕ್ಕ, ಪರದೇಶದಾಗ ಒಂದು ಮಠ ಅದ, ಅಲ್ಲಿ ಸನ್ಯಾಸಿಗಳು ನೂರಾಮೂವತ್ತು ಗಿಡಮೂಲಿಕಿ ಹಾಕಿ ಮಾಡ್ತಾರ, ಮಾತಾಡೂದಿಲ್ಲ ಅವರು, ಮೌನವ್ರತ, ಅಂದಿದ್ದ, ತಮಾಷೆಯೆಂದರೆ ಹಸಿರು ಸೀಸೆಯ ಮಟ್ಟಿಗೆ ಅದು ಸುಳ್ಳೂ ಅಲ್ಲ, ಆ ಮದ್ಯವನ್ನು ನಿಜವಾಗಿ ಒಂದು ಮಠದ ಸನ್ಯಾಸಿಗಳೇ ಮಾಡುವುದು, ಔಷಧ ಎಂಬುದೊಂದೇ ಸುಳ್ಳು. ಮುದುಕಿ ಕೈಮುಗಿದುಬಿಟ್ಟಿದ್ದರು, ಹೊಗೆಯ ವಾಸನೆಗೆ ತಾವೇ ಅರ್ಥ ಹಚ್ಚಿದರು, ಹೋಮದ ಭಸ್ಮ ಕೂಡಿಸಿರಬೇಕು ನೋಡು ನಲಿನೀ, ಎಂಥಾ ತಪಸ್ಸು ಅವರದು, ಖಾಲಿಯಾದ ಹಸಿರು ಸೀಸೆಯೊಂದನ್ನು ಬೂದಿ ಹಚ್ಚಿ ಮೂರು ಸಲ ತೊಳೆಸಿ ಅದರಲ್ಲಿ ಗಂಗಾಜಲ ತುಂಬಿ ದೇವರ ಮನೆಯಲ್ಲಿ ಇಟ್ಟುಕೊಂಡಿದ್ದಾರೆ, ಅದನ್ನು ಕಂಡಾಗಲೆಲ್ಲ ಪ್ರಾಣೇಶ ಕೆಮ್ಮಿ ಆಚೆ ಹೋಗುತ್ತಾನೆ.

ತಿರುವು ಈಗ. ಒಂದು, ಎರಡು, ಮೂರು — ಕುಲುಕಬಾರದು, ಕಡೆಯಬಾರದು, ಚಮಚದ ಬೆನ್ನು ಗಾಜಿಗೆ ಹತ್ತಿಕೊಂಡೇ ಸಾಗಬೇಕು, ಶಬ್ದ ಬರಬಾರದು, ನಲವತ್ತು ಸುತ್ತು, ಅವನೇ ಬೆರಳು ಹಿಡಿದು ಕಲಿಸಿದ್ದ, ಏಳು, ಎಂಟು — ಹರಳೆಣ್ಣೆ ಬೆರೆಸಲೇ, ಹೊಟ್ಟೆ ಹಿಡಿದುಕೊಂಡು ಓಡಾಡಲಿ ಸಾಹೇಬರ ಮುಂದೆ, ಛೇ, ಮಕ್ಕಳಾಟ, ಉಪ್ಪು ಸುರಿಯಲೇ, ಏನಾಗ್ತದ, ಥೂ ಅಂತ ಉಗುಳಿ, ಹೆಣ್ಣುಮಕ್ಕಳ ಕೈ ಸರ್, ಒಮ್ಮೊಮ್ಮೆ ತಪ್ಪತದ, ಅಂತ ಅದನ್ನೂ ನಗೆಮಾಡಿ ಮುಗಿಸುತ್ತಾನೆ, ಹದಿಮೂರು, ಹದಿನಾಲ್ಕು, ಕಾಗದ ತೆಗೆದು ಸುಬ್ಬರಾಯರ ಮುಂದೆ ಗಟ್ಟಿಯಾಗಿ ಓದಲೇ, ಓದಿದರೆ, ಹೌದೇನು, ನಾ ಮರತೇಬಿಟ್ಟಿದ್ದೆ ನೋಡು, ಅನ್ನುತ್ತಾನೆ, ಗಂಡಹೆಂಡಿರ ಜಗಳ ಅಂತ ಸಾಹೇಬರು ಪೇಪರು ಎತ್ತಿಕೊಳ್ಳುತ್ತಾರೆ, ಹತ್ತೊಂಬತ್ತು, ಇಪ್ಪತ್ತು, ನಾಚಿಕೆ ಅನ್ನುವುದು ಈ ಮನುಷ್ಯನಿಗೆ ಇರುವುದು ಇಬ್ಬರ ಎದುರಿಗೆ ಮಾತ್ರ, ಒಬ್ಬರು ಸಾಹೇಬರು, ಇನ್ನೊಬ್ಬಾಕೆ ತಾಯಿ, ಇಬ್ಬರೂ ಇವತ್ತು ಒಂದೇ ಮನೆಯಲ್ಲಿದ್ದಾರೆ, ಒಬ್ಬರು ಕುರ್ಚಿಯಲ್ಲಿ, ಇನ್ನೊಬ್ಬರು ಹತ್ತು ಹೆಜ್ಜೆ ಆಚೆ ದೇವರ ಮನೆಯ ಹೊಸ್ತಿಲ ಹತ್ತಿರ, ಮಣೆಯ ಮೇಲೆ — ಇಪ್ಪತ್ತಾರು — ಖೊಕ್ ಖೊಕ್ ಖೊಕ್, ಎಂಟು ದಿನದಿಂದ ಈ ಕೆಮ್ಮು, ಸೀತೋಪಲಾದಿ ಆಯಿತು, ಜ್ಯೇಷ್ಠಮಧು ಆಯಿತು, ನಲಿನೀ, ಆ ಸನ್ಯಾಸಿಗಳ ಔಷಧ ನನಗೂ ಒಂದು ಉದ್ಧರಣೆ ಕೊಡಂತ ಹೇಳವಾ ಅವಗ, ಅಂತ ಮೊನ್ನೆಯೂ ಕೇಳಿದ್ದರು, ಉಷ್ಣ ಅವ್ವಾ ಅದು, ನಿನಗ ಆಗಿಬರೂದಿಲ್ಲ, ಅಂತ ಅವನು ತೇಲಿಸಿದ್ದ — ಇಪ್ಪತ್ತೆಂಟು. ಚಮಚ ನಿಂತಿತು. ಈ ಇಬ್ಬರಿಗೆ ಎರಡು ಲೋಟ, ಅತ್ತೆಗೆ ಅಂತ ಮೂರನೆಯದೊಂದು ಮಾಡಿದರೆ.

ಛೀ, ಎಂದಿತು ಒಳಗೆ ಯಾವುದೋ ದನಿ, ಅತ್ತೆ ಏನು ಮಾಡಿದ್ದಾರೆ, ಆ ವರ್ಷ ನಿನಗೆ ಕೆಲಸ ಸಿಗಲಿ ಅಂತ ನಲವತ್ತೆಂಟು ದಿನ ಹನುಮಂತದೇವರಿಗೆ ಪ್ರದಕ್ಷಿಣೆ ಹಾಕಿದಾಕಿ, ಸಿಗಲಿಲ್ಲ ಅಂದಾಗ, ಆ ಕಾಲೇಜಿನವರಿಗೆ ಕಣ್ಣಿಲ್ಲ ಬಿಡವಾ, ನನ್ನ ಸೊಸಿಯಂಥಾಕಿ ಅವರಿಗೆ ಎಲ್ಲಿ ಸಿಗಬೇಕು, ಅಂತ ತಲೆ ಸವರಿದಾಕಿ, ಆಕೆಯನ್ನು ಮುಂದಿಟ್ಟು ಕಲ್ಲು ಹೊಡೆಯುತ್ತೀಯಾ — ಕುಡಿಸುವವರು ಯಾರು, ಅಂತ ತಿರುಗಿ ಜವಾಬು ಕೊಟ್ಟಳು, ಮುಟ್ಟಲೂ ಕೊಡುವುದಿಲ್ಲ ಅವನು, ಹೆತ್ತ ಮಗ ತಾನೇ, ಬಟ್ಟಲು ಅವನ ಕೈಗೇ ಕೊಡುತ್ತೇನೆ, ನೀವೇ ಹಾಕ್ರಿ ಅನ್ನುತ್ತೇನೆ, ಆಗ ಬಾಯಿ ಬಿಡಲೇಬೇಕು, ಅವ್ವಾ ಬ್ಯಾಡ, ಇದು ಔಷಧ ಅಲ್ಲ, ಸೆರಿ, ಅಂತ ಸಾಹೇಬರ ಎದುರಿಗೆ ಅನ್ನಲೇಬೇಕು, ಹನ್ನೊಂದು ವರ್ಷದ ಸುಳ್ಳನ್ನು ತನ್ನ ಬಾಯಿಯಿಂದಲೇ ಉಗುಳಬೇಕು, ಆ ಮುದುಕಿಯ ಮುಖ ಅವನು ನೋಡಬೇಕು, ನಾನು ಗೇಟಿನಲ್ಲಿ ನಿಂತಾಗ ನನ್ನ ಮುಖ ಹೇಗಿತ್ತೋ ಹಾಗೆ. ಉಪ್ಪು ತಿಂದವನು ನೀರು ಕುಡಿಯಲಿ. ಉಳಿದ ಹನ್ನೆರಡು ಸುತ್ತು ಮುಗಿಸಿದಳು, ಅವಸರ ಮಾಡಲಿಲ್ಲ, ಇದರಲ್ಲಿ ಲೋಪ ಇರಬಾರದು, ಗಾಜಿನ ಎರಡು ಲೋಟಕ್ಕೆ ಸೋಸಿ ನಿಂಬೆಯ ಸಿಪ್ಪೆ ಹಿಂಡಿದಳು, ಜಗ್ಗಿನಲ್ಲಿ ಉಳಿದದ್ದನ್ನು ಅತ್ತೆಯ ಬೆಳ್ಳಿ ಬಟ್ಟಲಿಗೆ ಬಗ್ಗಿಸಿದಳು, ಬೆಳ್ಳಿಯಲ್ಲಿ ಅದು ಕಷಾಯದ ಹಾಗೆಯೇ ಕಂಡಿತು, ಹರಿಹರೀ, ಎಷ್ಟು ಹಾಗೆಯೇ.

ಬಾರಮ್ಮಾ, ನಿನಗ ಕಷ್ಟ ಕೊಟ್ಟೆವು, ಅಂದರು ಸುಬ್ಬರಾಯರು, ತೆಲುಗಿನವರು, ಬಳ್ಳಾರಿಯಲ್ಲಿ ಹತ್ತು ವರ್ಷ ಇದ್ದು ಕಲಿತ ಕನ್ನಡ, ಒಂದು ಗುಟುಕು ಕುಡಿದು ಕಣ್ಣುಮುಚ್ಚಿದರು, ಅಬ್ಬಬ್ಬಾ, ಏನು ಕೈಗುಣ ಐತಮ್ಮಾ ನಿಂದು, ನಾನ ಕಲಿಸಿದ್ದು ಸರ್, ಅಂದ ಪ್ರಾಣೇಶ, ಅನ್ನದೆ ಬಿಟ್ಟಾನೆಯೇ, ಅನ್ನು, ಇನ್ನೂ ಅನ್ನು, ಅಂದುಕೊಂಡು ಬೆಳ್ಳಿ ಬಟ್ಟಲನ್ನು ಅವನ ಮುಂದೆ ಹಿಡಿದಳು, ಅತ್ಯಾನ ಕೆಮ್ಮು ಕೇಳವಲ್ದು, ನಿಮ್ಮ ಸನ್ಯಾಸಿಗಳ ಔಷಧ ಇವತ್ತರ ಒಂದೀಟು ಕೊಡ್ರಿ, ನಿಮ್ಮ ಕೈಯಾರೆ ಕೊಟ್ರ ಗುಣ ಹತ್ತತದ. ಪ್ರಾಣೇಶ ಬಟ್ಟಲು ತೆಗೆದುಕೊಂಡ, ತೆಗೆದುಕೊಂಡ ಮೇಲೆ ವಾಸನೆ ಬಂತು, ಮುಖ ಎತ್ತಿದ, ಏನು ಹುಚ್ಚಾಟ ಇದು, ಅಂತ ಹಲ್ಲಿನ ಸಂದಿಯಲ್ಲೇ ಅಂದ, ಆಗ ಇವಳು ನೆರಿಗೆಯಿಂದ ಖಾಕಿ ಲಕೋಟೆಯನ್ನು ಎರಡು ಬೆರಳಷ್ಟು ಮೇಲೆ ಎಳೆದಳು, ತನ್ನ ಹೆಸರು ಕಾಣುವಷ್ಟು, ಮೊಹರು ಕಾಣುವಷ್ಟು, ಅವನ ಮುಖದ ರಕ್ತ ಇಳಿಯುವುದನ್ನು ನಿಂತು ನೋಡಿದಳು, ಆಹಾ, ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ, ಆಗ ಹೊಟ್ಟೆ ತಣ್ಣಗಾಯಿತು. ಒಳಗಿನಿಂದ ಅತ್ತೆಗೆ ಕೇಳಿತ್ತು, ಕೊಡ್ತೀಯೇನೋ ಪ್ರಾಣ್ಯಾ, ಕಡೀಗೂ ನಿನಗ ಮನಸು ಬಂತು, ಬಾರೋ, ಔಷಧ ಅಂದ್ರ ಗಂಗಾಜಲ ಇದ್ಧಾಂಗ, ಮಡಿ ಮೈಲಿಗಿ ಇಲ್ಲ, ಅಂದರು, ತಾಯೀನ್ನ ಇಷ್ಟು ಚೆನ್ನಾಗಿ ನೋಡ್ಕೊಳ್ಳೋ ಮಗ ಈ ಕಾಲದಾಗ ಎಲ್ಲಿ ಸಿಗ್ತಾನಯ್ಯಾ, ಅಂದರು ಸುಬ್ಬರಾಯರು, ಬಟ್ಟಲಲ್ಲಿ ನಿಜವಾಗಿ ಔಷಧವೇ ಇದೆಯೆಂದು ನಂಬಿ, ಆ ಮಾತಿಗೆ ಪ್ರಾಣೇಶ ಎದ್ದ. ಎದ್ದು ನಡೆದ. ಇವಳು ಹಿಂದೆಯೇ ನಡೆದಳು, ಹೊಸ್ತಿಲ ತನಕ ಹೋಗುತ್ತಾನೆ, ಅಲ್ಲಿ ನಿಲ್ಲುತ್ತಾನೆ, ಅಲ್ಲಿ ಹೇಳುತ್ತಾನೆ, ಇನ್ನು ನಾಲ್ಕು ಹೆಜ್ಜೆ, ಇನ್ನು ಎರಡು.

ಅತ್ತೆ ಬಟ್ಟಲಿಗೆ ಕೈಯೊಡ್ಡಲಿಲ್ಲ, ಬಲಗೈ ಅಂಗೈಯನ್ನು ಗುಣಿ ಮಾಡಿ, ಕೆಳಗೆ ಸೆರಗು ಹಿಡಿದು, ತೀರ್ಥಕ್ಕೆ ಹಿಡಿಯುವ ಹಾಗೆ ಹಿಡಿದರು, ಒಣಗಿದ ಅಂಗೈ, ಗೋಪೀಚಂದನದ ಹಳದಿ ಇನ್ನೂ ಹೋಗಿಲ್ಲ, ಕಣ್ಣು ಮುಚ್ಚಿಕೊಂಡು ತುಟಿಯಲ್ಲಿ ಹರಿಯ ಹೆಸರು — ಈಗ ಹೇಳುತ್ತಾನೆ, ಈಗ, ಪ್ರಾಣೇಶ ಒಮ್ಮೆ ಹಿಂದೆ ತಿರುಗಿ ಕುರ್ಚಿಯ ಕಡೆ ನೋಡಿದ, ಸುಬ್ಬರಾಯರು ಲೋಟ ಹಿಡಿದು ಮೆಚ್ಚಿಗೆಯಿಂದ ತಲೆದೂಗುತ್ತಿದ್ದರು, ಒಮ್ಮೆ ನಲಿನಿಯ ಕಡೆ ನೋಡಿದ, ಆಮೇಲೆ ತಾಯಿಯ ಕಡೆ ಬಗ್ಗಿ, ತಗೋ ಅವ್ವಾ, ಸ್ವಲ್ಪ ಕಾರ ಅನಸ್ತದ, ಉಸಿರು ಹಿಡಿದು ಒಮ್ಮೆಲೇ ನುಂಗಿಬಿಡು, ಅಂದ. ಅಂದ. ಬಟ್ಟಲು ವಾಲಿತು.

ತನ್ನ ಕೈ ಯಾವಾಗ ನಡುವೆ ಹೋಯಿತೋ ನಲಿನಿಗೆ ಗೊತ್ತಿಲ್ಲ, ಅಂಗೈಯೊಳಗೆ ಸುರಿದಾಗ ಗೊತ್ತಾಯಿತು, ಮಂಜಿನಷ್ಟು ತಣ್ಣಗೆ, ಬೆರಳ ಸಂದಿಯಿಂದ ಇಳಿದು ಬಳೆಗಳ ಒಳಗೆ ಹರಿಯಿತು, ಹೊಗೆಯ ವಾಸನೆ ದೇವರ ಮನೆಯೆಲ್ಲ ತುಂಬಿತು, ಅತ್ಯಾ ಕೈ ತಗೀರಿ, ಇದು ಸೆರಿ, ಮೊದಲಿಂದಲೂ ಸೆರೀನ, ಅಂದದ್ದು ತಾನೇ, ಅವನು ಹೇಳಬೇಕಾದ ಮಾತು ತನ್ನ ಬಾಯಿಂದ ಬಂತು, ಅತ್ತೆ ಕಣ್ಣುಬಿಟ್ಟು ಸೊಸೆಯ ಒದ್ದೆ ಕೈ ನೋಡಿದರು, ಆಮೇಲೆ ಮಗನ ಕೈ ನೋಡಿದರು, ಹಿಂದೆ ಕುರ್ಚಿ ಸರಿದ ಸದ್ದು, ಸುಬ್ಬರಾಯರು ಎದ್ದರು ಅನ್ನಿಸುತ್ತದೆ, ಏಮಯ್ಯಾ ಇದಿ, ಅಂದರು ಅನ್ನಿಸುತ್ತದೆ, ಗೆದ್ದೆ, ಗೆದ್ದೆನಲ್ಲ, ಇದೇ ಅಲ್ಲವೇ ಬೇಕಾಗಿದ್ದದ್ದು, ಬಟ್ಟಲು ತಂದವಳು ನಾನೇ, ಆ ಪಾಪ ನನ್ನದೇ, ದೇವರು ಅದಕ್ಕೇನು ಕೊಡುತ್ತಾನೋ ಕೊಡಲಿ, ಆದರೆ ಇವನು ತಡೆಯುತ್ತಾನೆ ಅಂದುಕೊಂಡೇ ತಂದಿದ್ದೆ, ಕಾಗದ ಬಚ್ಚಿಟ್ಟವನೂ ತಡೆಯುತ್ತಾನೆ ಅಂತ, ಹೆತ್ತ ತಾಯಿಯಲ್ಲವೇ ಅಂತ, ಹನ್ನೊಂದು ವರ್ಷದ ಲೆಕ್ಕ ಕೇಳಬೇಕಿತ್ತು, ಯಾಕೆ ಹಾಗೆ ಮಾಡಿದಿ ಅಂತ ಕೇಳಬೇಕಿತ್ತು, ಕೇಳುವುದಕ್ಕೇನೂ ಉಳಿದಿಲ್ಲ ಈಗ, ಪ್ರಾಣೇಶ ಏನೋ ಹೇಳುತ್ತಿದ್ದಾನೆ, ಅವ್ವಾ ನಾ ಬರೇ ಚ್ಯಾಷ್ಟಿ ಮಾಡ್ತಿದ್ದೆ, ಹಾಕ್ತಿದ್ದಿಲ್ಲ, ನಲಿನೀ ನೀ ಹೇಳು, ಹಾಕ್ತಿದ್ದೆನೇನು — ವಾಲಿತ್ತು, ಬಟ್ಟಲು ವಾಲಿತ್ತು, ಅಂಚಿಗೆ ಬಂದು ನಿಂತ ಹನಿ ಕಂಡಿದ್ದಳು, ಅದು ದಾಟಿದ್ದು ಕಂಡಿದ್ದಳು, ಕೆಳಗೆ ಆ ಮುದಿ ಅಂಗೈ ಕಣ್ಣುಮುಚ್ಚಿ ಕಾಯುತ್ತಿತ್ತು, ಮೇಲೆ ಬಟ್ಟಲು, ವಾಲಿತ್ತು, ವಾಲಿತ್ತು.